ನಾಯಕಿ ಕೂತ ನಾಲ್ಕು ಸೆಕೆಂಡು

“ನನ್ನ ಹುಡುಗೀನ ಮೆಟ್ಟಿಲ ಮೇಲೆ ಕೂರಿಸಿದ್ದು ಯಾರು?!”

ಕಥೆಗಾರ್ತಿಯ ಗುಡುಗಿಗೆ ಕಾರ್ಟೂನ್ ಸ್ಟುಡಿಯೋದ ಹದಿನಾಲ್ಕು ತಲೆಗಳು ಕಂಪ್ಯೂಟರಿನೊಳಗೆ ತೂರಿಕೊಂಡವು. ಹದಿನೈದನೆಯದು ಮಾತ್ರ ಕನ್ನಡಿಯ ಮುಂದೆ ಏದುಸಿರು ಬಿಡುವ ಅಭ್ಯಾಸದಲ್ಲಿತ್ತು. ಪಾತ್ರದ ಮುಖ ಬರೆಯುವ ಮೊದಲು ತಾನೇ ಆ ಮುಖ ಮಾಡಿ ನೋಡುವ ಆನಿಮೇಟರ್ ಅವನು. ಆಫೀಸಿಗೆಲ್ಲ ‘ಕನ್ನಡಿ’.

“ನಾನೇ ಮೇಡಂ. ದೀಪಸ್ತಂಭಕ್ಕೆ ಇನ್ನೂರು ಮೆಟ್ಟಿಲು. ನಾಲ್ಕು ಸೆಕೆಂಡು ಕೂತ್ಕೊಳ್ಲಿ ಅಂತ...”

“ಬಿರುಗಾಳೀಲಿ ದೋಣಿಗಳು ದಾರಿ ತಪ್ಪಿವೆ, ದೀಪ ಹಚ್ಚೋಕೆ ಹೊರಟವಳು ಇವಳು! ಹುಡುಗಿ ಅಂದ್ರೆ ಅರ್ಧ ದಾರೀಲಿ ಕೂತ್ಕೋಬೇಕಾ?”

“ಪರದೆ ಮೇಲೆ ಓಡಿಸಿ ತೋರಿಸ್ತೀನಿ, ಒಂದ್ಸಲ ನೋಡಿ...”

“ಗೋಡೆಗೆ ಅಂಟಿಸಿರೋ ಚಿತ್ರ ನೋಡಿದ್ದೇ ಸಾಕು. ತೆಗೀರಿ!”

ತೆಗೆದ. ವಾದಿಸಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು.

ಉರಿಯಲು ಕಾರಣವೂ ಇತ್ತು. ಮರುದಿನ ಹನ್ನೆರಡು ಹುಡುಗಿಯರು ಮೊದಲ ಕಂತು ನೋಡಲು ಬರುವವರಿದ್ದರು. ಅವರು ಆಕಳಿಸಿದರೆ ನಾಯಕಿಗೊಬ್ಬ ಅಣ್ಣನನ್ನು ಸೇರಿಸುವುದಾಗಿ ಸ್ಟುಡಿಯೋದ ಯಜಮಾನರು ಹೇಳಿದ್ದರು. ಅಣ್ಣ ಬಂದ ಮೇಲೆ ದೀಪ ಹಚ್ಚುವವರು ಯಾರೆಂದು ಕೇಳಬೇಕೆ!

ಸಂಜೆ ಮನೆಯಲ್ಲಿ ಅಕ್ಕನ ಮಗಳಿಗೆ ಆ ಕಂತು ತೋರಿಸಿದಳು. ಏಳು ವರ್ಷದ ವಿಮರ್ಶಕಿ ಗಲ್ಲಕ್ಕೆ ಕೈಯಿಟ್ಟು ನೋಡಿದಳು.

“ಚಿಕ್ಕಮ್ಮ, ಇವಳಿಗೆ ಸುಸ್ತೇ ಆಗಲ್ವಾ?”

“ಧೈರ್ಯವಂತೆ ಕಣೇ!”

“ಬ್ಯಾಟ್ರಿ ಹಾಕಿದಾರೆ ಅನ್ಸುತ್ತೆ,” ಎಂದು ಮಗು ಎದ್ದು ಹೋಯಿತು.

ಅಯ್ಯೋ...

ಬೆಳಿಗ್ಗೆ ಲಿಫ್ಟ್ ಎಂದಿನಂತೆ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿ, ನೇರ ಅವನ ಮೇಜಿಗೇ ಬಂದಳು.

“ಆ ನಾಲ್ಕು ಸೆಕೆಂಡು... ಬಿಸಾಕಿಬಿಟ್ರಾ?”

ಅವನು ಗುಂಡಿ ಒತ್ತಿದ.

ಪರದೆಯ ಮೇಲೆ ಹುಡುಗಿ ಧೊಪ್ಪನೆ ಕೂತಳು. ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಮೇಲಿನ ಮೆಟ್ಟಿಲುಗಳನ್ನು ಕೆಕ್ಕರಿಸಿ ನೋಡಿ, ಮೊಣಕಾಲಿಗೆ ಎರಡೇಟು ಹಾಕಿ, ತನ್ನನ್ನೇ ಬೈದುಕೊಳ್ಳುತ್ತ ಎದ್ದಳು!

ಕಥೆಗಾರ್ತಿಯ ಕಿವಿ ಬಿಸಿಯಾಯಿತು. ಆ ಏಟು, ಆ ಬೈಗುಳ ತನ್ನವೇ... ದಿನಾ ಮೂರನೇ ಮಹಡಿಯ ತಿರುವಿನಲ್ಲಿ, ಯಾರೂ ನೋಡುತ್ತಿಲ್ಲವೆಂದುಕೊಂಡು...

“ನೋಡ್ತಿದ್ರಾ?”

“ನಾನೂ ಅದೇ ಮೆಟ್ಟಿಲು ಹತ್ತೋದಲ್ವಾ? ನೀವು ಕೂತ್ರೆ ಕೆಳಗೇ ನಿಂತ್ಕೋತೀನಿ. ನಿಮಗೆ ಮುಜುಗರ ಆಗ್ಬಾರ್ದು ಅಂತ.” ಅವನು ಕನ್ನಡಿಯನ್ನು ಸುಮ್ಮನೆ ಒರೆಸಿದ. “ನಾಲ್ಕು ಸೆಕೆಂಡಿಗೆ ತೊಂಬತ್ತಾರು ಚಿತ್ರ. ಗೋಡೆ ಮೇಲೆ ನೀವು ನೋಡಿದ್ದು ಕೂತ ಒಂದನ್ನ. ಮಿಕ್ಕಿದ್ದೆಲ್ಲ ನಾನು ಬರೆದಿದ್ದು ಅವಳು ಏಳೋದಕ್ಕೋಸ್ಕರ. ಧೈರ್ಯ ಅನ್ನೋದನ್ನ ನಿಮ್ಮನ್ನ ಬಿಟ್ಟು ಬೇರೆ ಯಾರನ್ನ ನೋಡಿ ಬರೀಲಿ?”

ಪುಟಗಟ್ಟಲೆ ಸಂಭಾಷಣೆ ಬರೆಯುವವಳಿಗೆ ಸಿಕ್ಕಿದ್ದು ಎರಡೇ ಪದ: “ವಾಪಸ್... ಹಾಕಿ.”

ಮಧ್ಯಾಹ್ನ ನಾಯಕಿ ಕೂತಾಗ ಹನ್ನೆರಡು ಹುಡುಗಿಯರೂ “ಏಳೇ! ಏಳೇ!” ಎಂದು ಕೂಗಿದರು. ಅವಳು ಎದ್ದಾಗಿನ ಕೇಕೆಗೆ ಯಜಮಾನರು ಅಣ್ಣನನ್ನು ಮರೆತೇಬಿಟ್ಟರು.

ಸಂಜೆ ಮೂರನೇ ಮಹಡಿಯ ತಿರುವಿನಲ್ಲಿ ಅವಳು ಕೂತಳು. ಮೇಲಿನಿಂದ ಬರುತ್ತಿದ್ದ ಹೆಜ್ಜೆ ಸದ್ದು ನಿಂತಿತು.

“ಅಲ್ಲೇ ಯಾಕೆ ನಿಂತ್ರಿ? ಬನ್ನಿ, ಜಾಗ ಇದೆ.”

“ಇಳಿಯೋಕೂ ಸುಸ್ತಾಗುತ್ತಾ ಮೇಡಂ?”

“ಮೇಡಂ ಅನ್ನೋದು ಬಿಟ್ರೆ ಹೇಳ್ತೀನಿ.”

ಅವನು ಪಕ್ಕದಲ್ಲಿ ಕೂತ. “ಎಷ್ಟು ಹೊತ್ತು... ನಾಲ್ಕು ಸೆಕೆಂಡಾ?”

ಪೆನ್ಸಿಲ್ ಮಸಿ ಹತ್ತಿದ ಅವನ ಬೆರಳುಗಳನ್ನು ಅವಳು ಹಿಡಿದುಕೊಂಡಳು.

“ಎಷ್ಟು ಚಿತ್ರ ಬರೀತೀಯೋ, ಅಷ್ಟು ಹೊತ್ತು.”