ಗುಬ್ಬಿಯ ಹೆಸರಿನಲ್ಲಿ

"ಈ ಮನೇಲಿ ಹೊಟ್ಟೆ ತುಂಬ ಊಟ ಹಾಕೋರು ಯಾರೂ ಇಲ್ಲ ಅಂತ ಕಾಣುತ್ತೆ."

ಮಾವ ಈ ಮಾತನ್ನು ಹೇಳಿದ್ದು ಎದುರಿನ ಗೋಡೆಗೆ. ತಟ್ಟೆಯ ಬಲಭಾಗ ತೊಳೆದಿಟ್ಟಂತೆ ಖಾಲಿಯಾಗಿತ್ತು. ಎಡಭಾಗದಲ್ಲಿ ಬಡಿಸಿದ್ದೆಲ್ಲ ಬಡಿಸಿದ ಹಾಗೇ ಇತ್ತು. ಸೊಸೆ ಬಂದು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಆಗ ಮಾವನಿಗೆ ಊಟ ಕಾಣಿಸಿತು. "ಇದನ್ನ ಮೊದಲೇ ಹಾಕಿದ್ರೆ ಯಾರ ಗಂಟು ಹೋಗ್ತಿತ್ತು" ಎಂದು ಮತ್ತೆ ಗೋಡೆಗೇ ಹೇಳಿ ತಿನ್ನತೊಡಗಿದರು. ಅವಳು ಒಳಕೋಣೆಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕುಳಿತು ಕಣ್ಣೊರೆಸಿಕೊಂಡಳು. ಶಾಲೆಯೊಂದರ ಅರವತ್ತು ಸಮವಸ್ತ್ರಗಳಿಗೆ ಕಾಲರ್ ಕೂರಿಸಬೇಕಿತ್ತು. ಅಳುವುದಕ್ಕೂ ಪುರುಸೊತ್ತು ಬೇಕಲ್ಲ...

ಗೋಡೆಯ ಜೊತೆಗಿನ ಈ ಮಾತುಕತೆಗೆ ಎರಡು ವರ್ಷವಾಗಿತ್ತು. ಮೂರು ತಿಂಗಳ ಹಿಂದಷ್ಟೇ ಬಡಿದ ಲಕ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡು ವರ್ಷದ ಹಿಂದೆ ಒಂದು ಸಂಜೆ ಅವಳು ಗಂಡನಿಗೆ ಫೋನ್ ಮಾಡಿ, ಬಸ್ಸು ಸಿಗುತ್ತಿಲ್ಲ, ಬಂದು ಕರೆದುಕೊಂಡು ಹೋಗಿ ಎಂದಿದ್ದಳು. ಸ್ಕೂಟರ್ ಹತ್ತಿ ಹೊರಟವನು ಅವಳಿದ್ದಲ್ಲಿಗೆ ತಲುಪಲೇ ಇಲ್ಲ. ಮಗನನ್ನು ಮಸಣಕ್ಕೆ ಕಳಿಸಿಕೊಟ್ಟು ಬಂದ ದಿನ ಮಾವ ಸೊಸೆಯ ಮುಖ ನೋಡಿ ಕೊನೆಯ ಮಾತು ಆಡಿದರು. "ಇನ್ನೊಂದು ಬಸ್ಸಿಗೆ ಕಾಯೋಕಾಗಲಿಲ್ವಾ ನಿಂಗೆ?" ಅಷ್ಟೇ. ಆಮೇಲೆ ಒಂದೇ ಸೂರಿನಡಿ ಇಬ್ಬರೂ ಇದ್ದರು, ಮಾತು ಮಾತ್ರ ಇರಲಿಲ್ಲ. ಅವಳಾದರೂ ತವರಿಗೆ ಹೋಗಬಹುದಿತ್ತು ಅನ್ನುವವರಿಗೆ ಹೇಳಿಬಿಡುತ್ತೇನೆ, ತವರು ಅಂತ ಅವಳಿಗೆ ಯಾರೂ ಉಳಿದಿರಲಿಲ್ಲ.

ಲಕ್ವ ಹೊಡೆದ ಮೇಲೆ ವಾರಕ್ಕೆರಡು ಸಲ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿಯನ್ನು ಇವಳು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದಳು. ತಟ್ಟೆಯ ಕಥೆ ಕೇಳಿ ಡಾಕ್ಟರಮ್ಮ ಬಿಡಿಸಿ ಹೇಳಿದಳು.

"ಕಣ್ಣಿಗೆ ಏನೂ ಆಗಿಲ್ಲ ಅಕ್ಕಾ. ಮಿದುಳಿನ ಬಲಗಡೆ ಪೆಟ್ಟು ಬಿದ್ದಿದೆ. ಎಡಗಡೆ ಅಂತ ಒಂದಿದೆ ಅನ್ನೋದನ್ನೇ ಅದು ಲೆಕ್ಕಕ್ಕೆ ತಗೊಳ್ತಿಲ್ಲ. ನೀವು ಎಡಗಡೆ ನಿಂತರೆ ಅವರ ಪಾಲಿಗೆ ನೀವಿಲ್ಲ."

"ನಾನು ಯಾವ ಕಡೆ ನಿಂತರೂ ಅಷ್ಟೇ ಡಾಕ್ಟರಮ್ಮ" ಎಂದು ಅವಳು ನಕ್ಕಳು. ಡಾಕ್ಟರಮ್ಮ ನಗಲಿಲ್ಲ.

ಔಷಧಿಯ ಜೊತೆ ಒಂದು ಆಟವೂ ಬಂತು. ಟ್ಯಾಬ್‌ನಲ್ಲಿ ಆಡುವ ಚೆಂಡಾಟ. ಎದುರಾಳಿ ಇನ್ನೊಂದು ಫೋನಿನಿಂದ ಚೆಂಡು ಕಳಿಸಬೇಕು, ಇವರು ಲಕ್ವದಲ್ಲಿ ಸೋತ ಎಡಗೈಯ ಬೆರಳಿನಿಂದ ತಡೆಯಬೇಕು. ಎದುರಾಳಿ ಚೆಂಡನ್ನು ದಿನದಿನಕ್ಕೆ ಚೂರು ಚೂರೇ ಎಡಕ್ಕೆ ಸರಿಸುತ್ತ ಹೋದರೆ, ಗೆಲ್ಲುವ ಆಸೆಗೆ ಮಿದುಳು ಅದರ ಹಿಂದೆ ಹೋಗುತ್ತದೆಯಂತೆ. "ಬರೀ ಗೆಲ್ಲಿಸಿದ್ರೆ ಬೇಜಾರಾಗುತ್ತೆ, ಬರೀ ಸೋಲಿಸಿದ್ರೆ ಬಿಟ್ಟುಬಿಡ್ತಾರೆ. ಹತ್ತರಲ್ಲಿ ಏಳು ಸಲ ಗೆಲ್ಲಲಿ. ಈಗ ಗೆದ್ದೆ, ಈಗ ಗೆದ್ದೆ ಅನ್ನಿಸುವಾಗ ಮಿದುಳಲ್ಲಿ ಡೋಪಮೈನ್ ಅಂತ ಒಂದು ರಸ ಊರುತ್ತೆ. ನಮಗೆ ಬೇಕಿರೋದು ಅದೇ" ಎಂದಳು ಡಾಕ್ಟರಮ್ಮ.

ಯಂತ್ರವೇ ಎದುರಾಳಿಯಾಗಿದ್ದಾಗ ಮಾವ ಎರಡೇ ದಿನ ಆಡಿದರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ, ಯಂತ್ರವನ್ನು ಗೆದ್ದು ಅವರಿಗೇನಾಗಬೇಕು? ಸೊಸೆ ಧೈರ್ಯ ಮಾಡಿ, "ನಾನು ಆಡಲಾ ಮಾವ?" ಎಂದು ಕೇಳಿದಳು. "ಕೆಲವರ ಜೊತೆ ಆಡೋದಕ್ಕಿಂತ ಹೀಗೇ ಬಿದ್ದಿರೋದು ವಾಸಿ" ಎಂದು ಗೋಡೆಗೆ ಹೇಳಿದ ಮಾವ ಟ್ಯಾಬನ್ನು ಬೋರಲು ಹಾಕಿದರು. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ.

ಕೊನೆಗೆ ಬೇರೆ ಊರಿನಲ್ಲಿದ್ದ ಮಾವನ ಮಗಳು ಒಪ್ಪಿದಳು. ಅಪ್ಪ ಅವಳನ್ನು ಕರೆಯುತ್ತಿದ್ದುದು ಗುಬ್ಬಿ ಎಂದು. ಪರದೆಯ ಮೇಲೆ ಆ ಹೆಸರು ಕಂಡದ್ದೇ ತಡ, ಮಾವನ ಮುಖ ಅರಳಿತು. ಆದರೆ ಗುಬ್ಬಿಗೆ ವಿಮಾ ಕಚೇರಿಯ ಕೆಲಸ, ಇಬ್ಬರು ಮಕ್ಕಳು. ಐದನೇ ದಿನ ಅತ್ತಿಗೆಗೆ ಫೋನ್ ಮಾಡಿದಳು.

"ಅತ್ತಿಗೆ, ನನಗೆ ಆಗ್ತಿಲ್ಲ. ಪಾಸ್‌ವರ್ಡ್ ಕಳಿಸ್ತೀನಿ, ನನ್ನ ಹೆಸರಲ್ಲೇ ನೀವು ಆಡಿಬಿಡಿ. ಅಪ್ಪಂಗೆ ಹೇಗೆ ಗೊತ್ತಾಗುತ್ತೆ."

ಹಾಗೆ ಶುರುವಾಯಿತು. ದಿನಾ ನಾಲ್ಕು ಗಂಟೆಗೆ ಮಾವ ಹಜಾರದಲ್ಲಿ, ಸೊಸೆ ಒಳಕೋಣೆಯಲ್ಲಿ. ಫೋನನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿ, ಸದ್ದು ಅಡಗಿಸಿ ಆಡುವಳು. ಏಳು ಸೋಲು, ಮೂರು ಗೆಲುವು. ಚೆಂಡು ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ. ನಡುವೆ ಮಾವ ಒಂದೊಂದೇ ಅಕ್ಷರ ಕೂಡಿಸಿ ಬರೆಯುವರು: "ಗುಬ್ಬಿ, ಊಟ ಆಯ್ತಾ?" ಮೊದಲ ಸಲ ಅದನ್ನು ಓದಿದಾಗ ಅವಳು ಫೋನನ್ನು ಕೈಗೆತ್ತಿಕೊಂಡು ಮತ್ತೆ ಓದಿದಳು. ಊಟ ಆಯ್ತಾ ಎಂದು ಯಾರಾದರೂ ಕೇಳಿ ಎರಡು ವರ್ಷವಾಗಿತ್ತು. ಕೇಳಿದ್ದು ತನ್ನನ್ನಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ನಿಜವನ್ನೇ ಬರೆದಳು: "ಇನ್ನೂ ಇಲ್ಲಪ್ಪ." "ಮೊದಲು ಹೋಗಿ ಊಟ ಮಾಡು. ಆಟ ಎಲ್ಲಿ ಓಡಿಹೋಗುತ್ತೆ" ಎಂದು ಉತ್ತರ ಬಂತು. ಆ ದಿನ ಅವಳು ಯಂತ್ರದ ಪಕ್ಕದಲ್ಲೇ ಕುಳಿತು, ಬಿಕ್ಕುತ್ತ, ಹೊಟ್ಟೆ ತುಂಬ ಉಂಡಳು.

ಬರಬರುತ್ತ ಮೂರೂವರೆಗೇ ಅವಳ ಗಮನ ಹೊಲಿಗೆಯಿಂದ ಕದಲುತ್ತಿತ್ತು. ಕಾಲರ್‌ಗಳು ಸೊಟ್ಟಗಾದವು. "ಆಟ ಬರೆದುಕೊಟ್ಟಿದ್ದು ಯಾರಿಗಕ್ಕಾ?" ಎಂದು ಡಾಕ್ಟರಮ್ಮ ಚುಡಾಯಿಸಿದಳು. ಏನು ಹೇಳಿಯಾಳು ಪಾಪ... ಆ ಒಂದು ಗಂಟೆ ಬಿಟ್ಟರೆ ಅವಳ ದಿನದಲ್ಲಿ ಮತ್ತೇನಿತ್ತು?

ಆರನೇ ತಿಂಗಳಿಗೆ ಮಾವ ತಟ್ಟೆಯ ಎರಡೂ ಬದಿ ಉಣ್ಣತೊಡಗಿದರು. ಎಡಗೈಯ ಬೆರಳುಗಳು ಮಡಿಸಿ ಬಿಡಿಸುವಷ್ಟು ಸುಧಾರಿಸಿದವು. "ಇನ್ನೊಂದು ಆರು ತಿಂಗಳು ಆಟ ತಪ್ಪಿಸಬೇಡಿ. ಈಗ ನಿಲ್ಲಿಸಿದರೆ ಆ ಕೈ ಇಷ್ಟಕ್ಕೇ ನಿಂತುಬಿಡಬಹುದು" ಎಂದಳು ಡಾಕ್ಟರಮ್ಮ.

ಅದೇ ವಾರ ಗುಬ್ಬಿ ಅಪ್ಪನನ್ನು ನೋಡಲು ಬಂದಳು. ಮಾವ ನಡುಗುವ ಎಡಗೈಯನ್ನು ಎತ್ತಿ ಮಗಳ ತಲೆಯ ಮೇಲಿಟ್ಟರು.

"ಈ ಕೈ ನೀನು ಕೊಟ್ಟಿದ್ದು ಕಣೇ. ಒಂದು ದಿನವೂ ತಪ್ಪಿಸಲಿಲ್ವಲ್ಲ ನೀನು. ಈ ಮನೇಲಿ ನನಗೆ ಇನ್ನೇನಿದೆ? ನಿನ್ನ ಜೊತೆ ಬಂದುಬಿಡ್ತೀನಿ."

ಗುಬ್ಬಿ ಅಡುಗೆಮನೆಗೆ ಓಡಿಬಂದು ಅತ್ತಿಗೆಯ ಕೈ ಹಿಡಿದುಕೊಂಡಳು. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ನನ್ನ ಕೈಲಿ ಆಗಲ್ಲ ಅತ್ತಿಗೆ. ಈಗಲೇ ಹೋಗಿ ಹೇಳಿಬಿಡ್ತೀನಿ, ಆಡಿದ್ದು ನೀವು ಅಂತ."

"ಹೇಳಿದರೆ ಟ್ಯಾಬ್ ಬೋರಲು ಹಾಕ್ತಾರೆ. ಆಮೇಲೆ ಆ ಕೈ?"

"ಕೈ ಹೋದರೆ ಹೋಗಲಿ. ನಿಮಗೆ ಒಂದು ಮಾತಾದರೂ ಸಿಗಬೇಡ್ವಾ?"

ಅತ್ತಿಗೆ ಒಲೆ ಆರಿಸಿದಳು. ಒಂದು ಮಾತು... ಅದಕ್ಕಾಗಿ ಎಷ್ಟು ದಿನ ಕಾದಿದ್ದಳು! ಈಗ ಹಜಾರಕ್ಕೆ ಹತ್ತು ಹೆಜ್ಜೆ ನಡೆದರೆ ಸಿಕ್ಕರೂ ಸಿಗಬಹುದಿತ್ತು.

"ಕರ್ಕೊಂಡು ಹೋಗಮ್ಮ. ನಾಲ್ಕು ಗಂಟೆಗೆ ನೀನು ಆಫೀಸಲ್ಲಿರ್ತೀಯ ತಾನೇ? ಅಲ್ಲಿಂದ ಆಡ್ತಿದ್ದೀಯ ಅಂದ್ಕೊಳ್ಳಲಿ. ನಾನು ಇಲ್ಲಿಂದ ಆಡ್ತೀನಿ."

"ಅಪ್ಪ ಹೋದಮೇಲೆ ನೀವು ಒಬ್ಬರೇ..."

"ಈಗ ಎಷ್ಟು ಜನ ಇದ್ದೀವಿ ಅಂದ್ಕೊಂಡೆ?"

ಮಾವ ಹೊರಟರು. ಕಾರು ಹತ್ತುವಾಗ ಒಮ್ಮೆ ಬಾಗಿಲ ಕಡೆ ತಿರುಗಿದರು. ಬಾಗಿಲು ಅವರ ಎಡಗಡೆಗಿತ್ತು. ಅಲ್ಲಿ ನಿಂತಿದ್ದ ಸೊಸೆಯನ್ನು ನೋಡಿದರು, ಸಂಶಯವೇ ಇಲ್ಲ, ನೋಡಿದರು. ಬಾಯಿ ತೆರೆದರು. ಏನೂ ಹೊರಡಲಿಲ್ಲ. ಕಾರು ರಸ್ತೆ ತಿರುಗಿ ಮರೆಯಾಯಿತು.

ಮೂರು ವಾರ ಹೀಗೇ ಕಳೆಯಿತು. ಅಡಗಿ ಆಡುವ ಅಗತ್ಯವಿಲ್ಲದಿದ್ದರೂ ಅವಳು ಒಳಕೋಣೆಯಲ್ಲೇ ಕೂರುತ್ತಿದ್ದಳು. ಒಂದು ದಿನ ಆಟ ಮಧ್ಯಕ್ಕೆ ನಿಂತಿತು. ಅಕ್ಷರಗಳು ನಿಧಾನವಾಗಿ ಬಂದವು.

"ಗುಬ್ಬಿ, ನಿಮ್ಮ ಅತ್ತಿಗೆಗೆ ಒಂದು ಫೋನ್ ಮಾಡು. ಅಷ್ಟು ದೊಡ್ಡ ಮನೇಲಿ ಒಬ್ಬಳೇ ಇದಾಳೆ."

ಇನ್ನೊಂದು ಸಾಲು ಬಂತು.

"ಎದುರಿಗೆ ಹೇಳೋಕೆ ಬಾಯಿ ಬರಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ತಪ್ಪು ಅವಳದಲ್ಲ. ನನಗೆ ಯಾವಾಗಲೋ ಗೊತ್ತಾಗಿತ್ತು. ಆದರೆ ಇಷ್ಟು ದಿನ ಆದಮೇಲೆ ಏನಂತ ಮಾತು ಶುರು ಮಾಡೋದು ಅಂತ ತಿಳಿಯಲ್ಲ. ನೀನೇ ಮಾತಾಡು."

ಪರದೆಯ ಅಕ್ಷರಗಳು ಕಲಸಿಹೋದವು. ಎರಡು ವರ್ಷ ಒಳಗೇ ಹೆಪ್ಪುಗಟ್ಟಿದ್ದೆಲ್ಲ ಕರಗಿ ಹರಿಯಿತು. ನಾನೇ ಮಾವ, ನಾನೇ ಇಲ್ಲಿರೋದು, ಎಂದು ಬರೆಯಬೇಕೆನ್ನಿಸಿತು. ಬರೆದಳು ಕೂಡ. ಆ ಕೈಗೆ ಇನ್ನೂ ಐದು ತಿಂಗಳು ಬೇಕು ಎಂಬುದು ನೆನಪಾಗಿ ಒಂದೊಂದೇ ಅಕ್ಷರ ಅಳಿಸಿದಳು. "ಮಾಡ್ತೀನಪ್ಪ" ಎಂದಷ್ಟೇ ಕಳಿಸಿದಳು.

ಮಾರನೇ ದಿನ ನಾಲ್ಕು ಗಂಟೆಗೆ ಅವಳು ಚೆಂಡು ಕಳಿಸುವ ಮೊದಲೇ ಪ್ರಶ್ನೆ ಬಂತು.

"ಮಾಡಿದ್ಯಾ?"

"ಮಾಡ್ದೆ."

"ಏನಂದ್ಲು?"

ಅವಳು ಕೈಯಲ್ಲಿದ್ದ ಕಾಲರನ್ನು ಪಕ್ಕಕ್ಕಿಟ್ಟಳು. ಆಮೇಲೆ ಬರೆದಳು.

"ಚೆನ್ನಾಗಿದೀನಿ ಅಂದ್ಲು. ನಿಮ್ಮದು ಊಟ ಆಯ್ತಾ ಅಂತ ಕೇಳಿದ್ಲು."