ಇನ್ನೊಂಚೂರು ಬಿಡಿ, ಮೇಡಂ

ಅವನ ದನಿಯನ್ನು ಅವಳು ವರ್ಷದಿಂದ ಬಲ್ಲಳು. ಮುಖ ನೋಡಿದ್ದು ಅಂದೇ ಮೊದಲು, ಅದೂ ಸಿಟ್ಟಿನಿಂದ ಕೆಂಪೇರಿದ್ದಾಗ.

ಅವಳು ಅಣೆಕಟ್ಟಿನ ಇಂಜಿನಿಯರ್. ಅವನು ನದಿಯ ಕೆಳಗಿನ ಪಟ್ಟಣಕ್ಕೆ ನೀರೆತ್ತುವ ಪಂಪ್‌ಹೌಸಿನ ಇಂಜಿನಿಯರ್. ಅವಳು ಲೆಕ್ಕ ಹಾಕಿ ದಿನಾ ಒಂಚೂರು ನೀರು ಬಿಡುವಳು; ದಿನಾ ಬೆಳಿಗ್ಗೆ ಅವನ ಫೋನು: "ಇನ್ನೊಂಚೂರು ಬಿಡಿ, ಮೇಡಂ." ದಿನಾ ಅವಳ ಉತ್ತರ: "ಆಗಲ್ಲ." ಅಲ್ಲಿಗೆ ಕೆಲಸದ ಮಾತು ಮುಗಿಯಬೇಕು. ಆದರೆ ಮೋಡದ ನೆಪ, ಕೆಮ್ಮಿನ ನೆಪ, ಏನೂ ಇಲ್ಲದಿದ್ದರೆ "ಮತ್ತೆ?" ಎಂಬ ನೆಪ. ಫೋನಿಡಲು ಇಬ್ಬರಿಗೂ ಮನಸ್ಸಿರುತ್ತಿರಲಿಲ್ಲ. ಮಳೆ ಕೈಕೊಟ್ಟ ಮೇಲೆ ಆ ನೆಪಗಳೂ ಬತ್ತಿದವು.

ಈ ವಾರವಂತೂ ಅವಳು ಗೇಟನ್ನು ಪೂರ್ತಿ ಮುಚ್ಚಿಸಿ, ಅವನ ಫೋನನ್ನೂ ಎತ್ತದೆ ಕುಳಿತಿದ್ದಳು. ಅದಕ್ಕೇ ಅವನು ಬೈಕೇರಿ ನೇರ ಬಂದುಬಿಟ್ಟಿದ್ದ.

"ನೀವೇನಾ ಆ 'ಆಗಲ್ಲ' ಮೇಡಂ?" ಬಾಗಿಲಲ್ಲೇ ನಿಂತು ಕೇಳಿದ.

"ನೀವೇನಾ ಆ 'ಇನ್ನೊಂಚೂರು'? ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬಂದಿಲ್ಲ. ಊರಲ್ಲಿ ಜನ ನನ್ನ ಕೊರಳಪಟ್ಟಿ ಹಿಡೀತಿದಾರೆ. ನೀವಿಲ್ಲಿ ಗೇಟು ಮುಚ್ಕೊಂಡು ಆರಾಮಾಗಿದೀರಿ!"

ಗೇಟಿನ ಚಕ್ರ ತಿರುಗಿಸುತ್ತಲೇ ತಲೆ ನರೆತ ಹಿರಿಯರೊಬ್ಬರು ಅಲ್ಲಿದ್ದರು. ಎಲ್ಲರಿಗೂ ಅವರು ಗೇಟ್ ಮಾವ. "ಜಗಳ ಆಡೋದಾದ್ರೆ ಹೊರಗೆ ಹೋಗ್ರಪ್ಪ," ಎಂದರು. "ಇರೋದು ಒಂದೇ ಫ್ಯಾನು, ಅದಕ್ಕೂ ಬಿಸಿ ತಾಗಿಸಬೇಡಿ."

ಅವಳು ಅವನನ್ನು ಕಟ್ಟೆಯ ಮೇಲಕ್ಕೆ ಕರೆದೊಯ್ದಳು. ಕಣ್ಣು ಹಾಯುವಷ್ಟು ದೂರ ಬಿರುಕು ಬಿಟ್ಟ ಕೆಸರು, ಗೇಟಿನ ಬಳಿ ಮಾತ್ರ ಹಸಿರುಗಟ್ಟಿದ ನೀರು. ಗೋಡೆಯ ಮೇಲೊಂದು ಕೆಂಪು ಗೆರೆ. ಅದರ ಕೆಳಗಿನ ನೀರು ಸುತ್ತಲಿನ ಹಳ್ಳಿಗಳ ಬಾಯಿಗೆ. ಅದರಲ್ಲಿ ಒಂದು ಹನಿಯನ್ನೂ ಹೊಳೆಗೆ ಬಿಡುವಂತಿಲ್ಲ. ಗೆರೆಯ ಮೇಲೆ ಉಳಿದದ್ದು ಮೊಣಕಾಲುದ್ದ.

"ದಿನಾ ಒಂಚೂರು ಒಂಚೂರು ಬಿಟ್ಟಿದ್ದೆಲ್ಲ ಎಲ್ಲಿ ಹೋಯ್ತು?" ಅವಳು ಕೇಳಿದಳು. "ಅರ್ಧ ದಾರೀಲೇ ಮರಳು ಕುಡೀತು, ಪಂಪ್‌ಸೆಟ್ ಕುಡೀತು. ನಿಮ್ಮೂರಿಗೆ ಬಂದಿದ್ದು ಒದ್ದೆ ಮಾತ್ರ. ಅದಕ್ಕೇ ಕೂಡಿಟ್ಟಿದೀನಿ. ಒಂದೇ ಸಲ, ಜೋರಾಗಿ ಬಿಡ್ತೀನಿ. ಕುಡಿಯೋಕೆ ಮರಳಿಗೆ ಪುರುಸೊತ್ತೇ ಸಿಗಬಾರದು."

"ಇದನ್ನ ಫೋನಲ್ಲೇ ಹೇಳಬಹುದಿತ್ತಲ್ಲ?"

"ಫೋನೆತ್ತಿದ್ರೆ ನೀವು 'ಇನ್ನೊಂಚೂರು' ಅಂತಿದ್ರಿ." ಅವಳು ನೀರಿನ ಕಡೆ ನೋಡಿದಳು. "ಈ ಸಲ ಬಿಟ್ಟುಬಿಡ್ತಿದ್ದೆ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನ ಮುಖದ ಕೆಂಪು ಇಳಿಯಲಿಲ್ಲ, ಆದರೆ ಈಗ ಅದು ಸಿಟ್ಟಿನದಾಗಿರಲಿಲ್ಲ.

"ನೀರು ಹೋಗೋವರೆಗೂ ದಡದ ರೈತರ ಪಂಪ್‌ಸೆಟ್ ನಿಲ್ಲಿಸಬೇಕು," ಎಂದಳು. "ಒಬ್ಬ ಶುರು ಮಾಡಿದ್ರೂ ಎಲ್ಲರೂ ಶುರು ಮಾಡ್ತಾರೆ."

"ಅದು ನನಗೆ ಬಿಡಿ. ಕೈಕಾಲು ಹಿಡಿದಾದ್ರೂ ನಿಲ್ಲಿಸ್ತೀನಿ."

ನಿಲ್ಲಿಸಿದ. ಮನೆಮನೆಗೆ ಹೋಗಿ ಬೈಸಿಕೊಂಡು, ಬೇಡಿಕೊಂಡು, ಗಂಟಲು ಕಟ್ಟಿಸಿಕೊಂಡು ನಿಲ್ಲಿಸಿದ. ಮರುದಿನ ನಸುಕಿನಲ್ಲಿ ಗೇಟ್ ಮಾವ ಚಕ್ರ ತಿರುಗಿಸಿದರು.

ಒಣಹೊಳೆಯಲ್ಲಿ ನೀರು ಓಡುತ್ತದೆ ಎಂದುಕೊಂಡವರು ಅದನ್ನು ನೋಡಿರುವುದಿಲ್ಲ. ಅದು ತೆವಳುತ್ತದೆ. ಮುಂದೆ ನೊರೆ, ತರಗೆಲೆ, ಪ್ಲಾಸ್ಟಿಕ್ ಬಾಟಲಿ; ಅದರ ಮುಂದೆ ದಿಕ್ಕುಗೆಟ್ಟು ಓಡುವ ಇರುವೆಗಳು. ಇಬ್ಬರೂ ದಡದ ದಾರಿಯಲ್ಲಿ ಬೈಕಿನ ಮೇಲೆ ಅದರ ಜೊತೆಗೇ ಹೋದರು. ಅವಳು ಸೀಟಿನ ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಅವನು ಪದೇ ಪದೇ ಕನ್ನಡಿ ಸರಿಮಾಡುತ್ತಿದ್ದ.

"ಏನದು?"

"ಹಿಂದೆ ಗಾಡಿ ಬರ್ತಿದೆಯಾ ನೋಡ್ತಿದೀನಿ."

ಹಿಂದೆ ಗಾಡಿಯೂ ಇರಲಿಲ್ಲ, ದಾರಿಯೂ ಸರಿಯಾಗಿರಲಿಲ್ಲ. ಕನ್ನಡಿಯಲ್ಲಿ ಇದ್ದದ್ದು ಅವಳ ಕಣ್ಣುಗಳು. ಅವಳು ನಗು ನುಂಗಿ ಹೊಳೆಯತ್ತ ತಿರುಗಿದಳು.

ಮಧ್ಯಾಹ್ನ ಕಳೆದಂತೆ ಆ ನಗು ಆರಿತು. ನೀರಿನ ನಡಿಗೆ ಕುಂಟತೊಡಗಿತು. ಪಟ್ಟಣ ಹತ್ತಿರವಾದಲ್ಲಿ ಹೊಳೆ ಅಗಲವಾಗುತ್ತದೆ, ಮರಳು ಆಳವಾಗುತ್ತದೆ. ಸಂಜೆಗೆ ನೀರು ಅಲ್ಲಿ ನಿಂತೇಬಿಟ್ಟಿತು. ಎದುರಿಗೇ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಪಂಪ್‌ಹೌಸಿನ ದುಂಡನೆಯ ಬಾವಿ. ತನ್ನ ಮಾತು ನಂಬಿಯೇ ಅಲ್ಲವೆ ಅವನು ಮನೆಮನೆಗೆ ಹೋಗಿ ಬೈಸಿಕೊಂಡದ್ದು, ಎಂದುಕೊಂಡಳು ಅವಳು.

ಗೇಟ್ ಮಾವನ ಫೋನು ಬಂತು. "ನೀರು ಗೆರೆ ಮುಟ್ತಾ ಇದೆಯಮ್ಮ. ಮುಚ್ಚಲಾ?"

ಅವಳು ಫೋನನ್ನು ಅಂಗೈಯಿಂದ ಮುಚ್ಚಿದಳು. "ಇನ್ನೊಂಚೂರು ಬಿಟ್ರೆ ನಾಳೆ ಬೆಳಿಗ್ಗೆ ಬಾವಿ ಮುಟ್ಟತ್ತೆ. ಹೇಳಿ, ಬಿಡಿಸ್ತೀನಿ. ಏನಾದ್ರೂ ಆಗಲಿ."

ವರ್ಷವಿಡೀ ಕೇಳಿ ಕೇಳಿ ಇಲ್ಲವೆನ್ನಿಸಿಕೊಂಡಿದ್ದವನು ಬಾವಿಯತ್ತ ನೋಡಿದ. ಆಮೇಲೆ ಅವಳತ್ತ ನೋಡಿದ.

"ಮುಚ್ಚಿಸಿ."

"ನಿಮ್ಮೂರು?"

"ಕಟ್ಟೆ ಸುತ್ತಲಿನ ಹಳ್ಳಿಯೋರಿಗೂ ಬಾಯಾರತ್ತಲ್ಲ. ನಮ್ಮ ಬಾವಿ ಮರಳಿನ ಅಡಿಯಿಂದ ನೀರೆಳೆಯತ್ತೆ. ಮರಳಿನ ಹೊಟ್ಟೆ ತುಂಬಿದ್ರೆ ಒಳಗೊಳಗೇ ಬಂದೀತು." ಅವನು ಬಗ್ಗಿ ಒದ್ದೆ ಮರಳನ್ನು ಮುಟ್ಟಿ ನೋಡಿದ. "ಬರದೇನೂ ಇರಬಹುದು. ಆದ್ರೂ ಮುಚ್ಚಿಸಿ. ನನಗೋಸ್ಕರ ನೀವು ಆ ಗೆರೆ ದಾಟೋದು ಬೇಡ."

"ಮುಚ್ಚಿ, ಮಾವ," ಎಂದಳು. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತ್ತು.

ಅವನು ಬಾವಿಯವರೆಗೆ ನಡೆದು ಒಂದು ಕಲ್ಲೆತ್ತಿ ಒಳಗೆ ಹಾಕಿದ. ಒಣ ತಳದಲ್ಲಿ ಟಕ್ ಎಂದಿತು.

ರಾತ್ರಿ ಅವಳು ಉಳಿದದ್ದು ಅವನ ಮನೆಯಲ್ಲಿ, ಅವನ ತಾಯಿಯ ಜೊತೆ. ಅಂಗಳದಲ್ಲಿ ಡ್ರಮ್ಮು, ಬಕೆಟ್ಟು, ಕೊಡ, ಕೊನೆಗೆ ಹಾಲಿನ ಪಾತ್ರೆಯೂ ಬಾಯಿ ತೆರೆದು ಸಾಲಾಗಿ ಕುಳಿತಿದ್ದವು.

"ಇವಳೇನೋ ನಿನ್ನ ಜಿಪುಣಿ?" ತಾಯಿ ಕೇಳಿದರು.

"ಅಮ್ಮಾ!"

"ಫೋನಲ್ಲಿ ಹಾಗೇ ತಾನೆ ಬರ್ಕೊಂಡಿರೋದು? ಬೆಳಿಗ್ಗೆ ಜಿಪುಣಿ ಮಾತಾಡದೇ ಇದ್ರೆ ತಿಂಡೀನೂ ಇಳಿಯಲ್ಲಮ್ಮ ಇವನಿಗೆ. ಈ ವಾರ ಪೂರ್ತಿ ಸಪ್ಪೆ ಮುಖ." ಅವರು ತುಂಬಿದ ಲೋಟ ಚಾಚಿದರು. ಅವಳು ಅರ್ಧ ಕುಡಿದು ಕೆಳಗಿಟ್ಟಳು. "ಪೂರ್ತಿ ಕುಡಿ. ಮನೆಗೆ ಬಂದೋರಿಗೆ ಅರ್ಧ ಲೋಟ ಕೊಡುವಷ್ಟು ಬಡತನ ಇನ್ನೂ ಬಂದಿಲ್ಲ."

ಅವಳು ಉಳಿದರ್ಧವನ್ನೂ ಒಂದು ಹನಿ ಬಿಡದೆ ಕುಡಿದಳು. ಹಾಸಿಗೆಯಲ್ಲಿ ಹೊರಳಿ ಹೊರಳಿ ಬೆಳಗು ಮಾಡಿದಳು. ಪಕ್ಕದ ಕೋಣೆಯಲ್ಲಿ ಅವನೂ ಕೆಮ್ಮುತ್ತಲೇ ಇದ್ದ.

ಬೆಳಕು ಹರಿದಾಗ ಇಬ್ಬರೂ ಬಾವಿಗೆ ನಡೆದರು. ಹೊಳೆಯ ಮೇಲೆ ಹೊಸ ನೀರೇನೂ ಇರಲಿಲ್ಲ. ನಿನ್ನೆ ಬಂದದ್ದೂ ಇಂಗಿ ಬರೀ ಒದ್ದೆಯ ಗುರುತು ಉಳಿದಿತ್ತು. ಅವನು ಕಲ್ಲೆತ್ತಿಕೊಂಡ, ಹಾಕಲು ಧೈರ್ಯ ಬರದೆ ಅವಳ ಕೈಗಿತ್ತ. ಅವಳು ಕಣ್ಣು ಮುಚ್ಚಿ ಬಿಟ್ಟಳು.

ಡುಬುಕ್.

"ಇನ್ನೊಂದು ಹಾಕಿ," ಅವನು ಪಿಸುಗುಟ್ಟಿದ.

ಡುಬುಕ್.

ಅವನು ಓಡಿಹೋಗಿ ಪಂಪ್ ಚಾಲೂ ಮಾಡಿದ. ಪೈಪು ಒಂದಷ್ಟು ಕೆಮ್ಮಿ, ಗಾಳಿ ಕಾರಿ, ಕೊನೆಗೆ ತುಂಬಿ ಗುಂಯ್ ಎಂದಿತು. ತಿರುಗಿ ಬಂದವನ ಮುಖ ತುಂಬ ನಗು, ಕೆನ್ನೆ ತುಂಬ ನೀರು. ಅವಳೂ ಅಷ್ಟೇ, ನಗುತ್ತಲೇ ಅಳುತ್ತಿದ್ದಳು. ಊರಿನ ಕಡೆಯಿಂದ ಯಾರೋ "ನಲ್ಲಿ ಬಂತು!" ಎಂದು ಕೂಗಿದರು.

"ಸರಿ, ಹೊರಡ್ತೀನಿ," ಎಂದಳು ಮುಖ ಒರೆಸಿಕೊಂಡು. "ಗೇಟು ನೋಡ್ಕೋಬೇಕು."

"ಮುಚ್ಚಿರೋ ಗೇಟಲ್ಲಿ ನೋಡೋದೇನಿದೆ?" ಅವನು ಮುಂದಿನ ಮಾತಿಗೆ ತಡಕಾಡಿದ. "ನನಗೆ ನೀರು ಕೇಳಿ ಅಭ್ಯಾಸ. ಇದನ್ನ ಹೇಗೆ ಕೇಳಬೇಕೋ ಗೊತ್ತಿಲ್ಲ. ಇನ್ನೊಂಚೂರು ಇರಿ, ಮೇಡಂ."

ಅಭ್ಯಾಸಬಲದಿಂದ ಅವಳ ಬಾಯಿಗೆ "ಆಗಲ್ಲ" ಬಂದೇಬಿಟ್ಟಿತು.

ಅವನು ತಲೆ ತಗ್ಗಿಸಿದ.

"ಒಂಚೂರು ಆಗಲ್ಲ ಅಂದೆ," ಅವಳು ಅವನ ಕೈ ಹಿಡಿದುಕೊಂಡಳು. "ಒಂಚೂರು ಒಂಚೂರು ಕೊಟ್ಟಿದ್ದು ಅರ್ಧ ದಾರೀಲೇ ಇಂಗಿಹೋಗತ್ತೆ, ನೋಡಿದ್ರಲ್ಲ. ಇರೋದಾದ್ರೆ ಒಂದೇ ಸಲ, ಪೂರ್ತಿ."