ಗಟ್ಟಿಯಾಗದ ಪೆಡಲ್

"ಒತ್ತು."

"ಒತ್ತಿದೆ."

"ಹಿಡ್ಕೋ. ನಾನು ಹೇಳೋವರೆಗೂ ಕಾಲು ತೆಗೀಬೇಡ."

ಮುಂದಿನ ಚಕ್ರ ಬಿಚ್ಚಿಟ್ಟ ಜಾಗದಲ್ಲಿ ಮೊಣಕಾಲೂರಿ ಕೂತಿದ್ದ ಹಲ್ಲಿನ ಡಾಕ್ಟರ್, ಬ್ರೇಕ್ ಪ್ಯಾಡುಗಳನ್ನು ಹಿಡಿದಿಡುವ ಕ್ಯಾಲಿಪರಿನ ಪುಟ್ಟ ಸ್ಕ್ರೂವನ್ನು ಸಡಿಲಿಸಿದಳು. ಅದಕ್ಕೆ ಸಿಕ್ಕಿಸಿದ್ದ ಕೊಳವೆಯಿಂದ ಬ್ರೇಕ್ ಆಯಿಲ್ ಚಿಮ್ಮಿ ಬಾಟಲಿಗೆ ಇಳಿಯಿತು. ಸ್ಕ್ರೂ ಬಿಗಿದಳು.

"ಈಗ ಬಿಡು. ಹೇಗಿದೆ?"

ಡ್ರೈವರ್ ಸೀಟಿನಲ್ಲಿದ್ದ ಈಜು ಕೋಚ್ ಇನ್ನೊಮ್ಮೆ ಒತ್ತಿ ನೋಡಿದ. "ದಿಂಬು ಒತ್ತಿದ ಹಾಗಿದೆ."

ಅವಳು ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದಳು.

ಬ್ರೇಕ್ ಪ್ಯಾಡ್ ಬದಲಾಯಿಸುವುದು ಅವಳಿಗೆ ಹೊಸದಲ್ಲ. ಸೆಕೆಂಡ್ ಹ್ಯಾಂಡ್ ಕೊಂಡ ಈ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರನ್ನು ಅವಳು ಯಾವ ಗ್ಯಾರೇಜಿಗೂ ಬಿಟ್ಟವಳಲ್ಲ. ಈ ಸಲ ಪ್ಯಾಡನ್ನು ತಳ್ಳುವ ಪಿಸ್ಟನ್ ಅಂಟಿಕೊಂಡಿತ್ತು. ಮುಂದಿನ ಎರಡೂ ಕ್ಯಾಲಿಪರ್ ಪೂರ್ತಿ ಬಿಚ್ಚಿ, ತುಕ್ಕು ಉಜ್ಜಿ, ಹೊಸ ಸೀಲ್ ಹಾಕಿ, ಹೊಸ ಪ್ಯಾಡ್ ಸಮೇತ ಕೂರಿಸಿದ್ದಳು. ಇನ್ನು ಪೈಪಿಗೆ ಹೊಕ್ಕು ಪೆಡಲನ್ನು ಮೆತ್ತಗಾಗಿಸಿದ ಗಾಳಿ ಹೊರಗೆ ಬಂದರೆ ಮುಗಿಯಿತು. ಅದಕ್ಕೆ ಇಬ್ಬರು ಬೇಕು, ಪೆಡಲ್ ಒತ್ತಲು ಒಬ್ಬರು, ಸ್ಕ್ರೂ ತಿರುಗಿಸಲು ಒಬ್ಬರು. ಮಹಡಿಯ ಬಾಡಿಗೆದಾರನಾದ ಈ ಕೋಚನ್ನು ಕರೆದದ್ದು ಅದಕ್ಕೇ. ಚಿಕ್ಕಮ್ಮನಿಗೆ ಅವಳು ಹೇಳಿದ ಕಾರಣವಂತೂ ಅದೇ.

ನಾಳೆ ಬೆಳಗ್ಗೆ ಇದೇ ಕಾರಿನಲ್ಲಿ ಅವಳು ದೂರದ ಊರಿನ ದೊಡ್ಡ ಆಸ್ಪತ್ರೆಯ ಕೆಲಸಕ್ಕೆ ಹೊರಡಬೇಕು. ಆ ಸುದ್ದಿ ಕೇಳಿ ಅವನು ಅಂದದ್ದು ಒಂದೇ ಮಾತು, "ಕಂಗ್ರಾಟ್ಸ್." ಸಂಜೆ ಸಂಜೆ ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತು, ಊಟದ ಹೊತ್ತು ಮೀರುವವರೆಗೂ ಹರಟುತ್ತಿದ್ದವನ ಬಾಯಲ್ಲಿ ಕಂಗ್ರಾಟ್ಸ್ ಅಂತೆ! ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವ ಹಾಗೆ, ಅವನ ಮೇಲಿನ ಸಿಟ್ಟನ್ನೆಲ್ಲ ಅವಳು ಬೆಳಗ್ಗೆಯಿಂದ ಬೋಲ್ಟುಗಳ ಮೇಲೆ ತೀರಿಸಿಕೊಂಡಿದ್ದಳು.

ಚಿಕ್ಕಮ್ಮ ಟೀ ತಂದು ಬಾನೆಟ್ಟಿನ ಮೇಲಿಟ್ಟಳು. "ಇನ್ನೂ ಮುಗೀಲಿಲ್ವಾ? ಇರೋದು ಎರಡು ಸೀಟು, ಹೋಗೋಳು ಒಬ್ಬಳು. ಅದಕ್ಕೆ ಇಷ್ಟೊಂದು ಒದ್ದಾಟ!"

"ಚಿಕ್ಕಮ್ಮಾ, ಪೇಂಟ್ ಮೇಲೆ ಲೋಟ ಇಡ್ಬೇಡ!"

ಚಿಕ್ಕಮ್ಮ ಲೋಟಗಳನ್ನು ಕಟ್ಟೆಗೆ ಸರಿಸಿ ಗೊಣಗುತ್ತಾ ಒಳಗೆ ಹೋದಳು. ಡಾಕ್ಟರ್ ತಲೆ ಎತ್ತಿದಾಗ ಅವನು ಅವಳನ್ನೇ ನೋಡುತ್ತಿದ್ದ. ಕಣ್ಣು ಕಣ್ಣು ಕೂಡಿದ್ದೇ ತಡ, ಸ್ಪೀಡೋಮೀಟರಿನ ಕಡೆ ತಿರುಗಿದ. ನಿಂತ ಕಾರಿನ ಸ್ಪೀಡನ್ನು ಅಷ್ಟು ಶ್ರದ್ಧೆಯಿಂದ ಓದುವವರನ್ನು ಅವಳು ಕಂಡಿರಲಿಲ್ಲ.

"ಕೆನ್ನೇಲಿ ಗ್ರೀಸ್ ಇದೆ," ಎಂದ.

"ಇರ್ಲಿ."

"ಆ ಕೆನ್ನೇಲೂ ಇದೆ."

"ನೀನು ಪೆಡಲ್ ನೋಡ್ಕೋ."

ಒತ್ತು, ಹಿಡಿ, ಬಿಡು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆಯಿಲಿನ ಎರಡನೇ ಡಬ್ಬವೂ ತಳ ಕಂಡಿತು. ಪೆಡಲ್ ಮಾತ್ರ ಮೆತ್ತಗೇ ಉಳಿಯಿತು. ಅವಳು ಕೈಚೆಲ್ಲಿ, ಬಿಚ್ಚಿಟ್ಟ ಚಕ್ರದ ಮೇಲೆ ಕುಸಿದು ಕೂತಳು.

"ನಾನು ಹೋಗೋದು ಈ ಕಾರಿಗೆ ಇಷ್ಟ ಇಲ್ಲ. ಬೇರೆ ಯಾರಿಗೂ ಹಾಗನ್ನಿಸಲಿಲ್ಲ, ಕಾರಿಗಾದ್ರೂ ಅನ್ನಿಸ್ತಲ್ಲ."

ಅವನು ಇಳಿದು ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ. ಕ್ಯಾಲಿಪರಿನ ಕಡೆ ಬೆರಳು ತೋರಿಸಿ, "ಆ ಸ್ಕ್ರೂ ಕೆಳಗಿದೆ," ಎಂದ.

"ಏನು?"

"ಗಾಳಿ ತೆಗೆಯೋ ಸ್ಕ್ರೂ. ಕ್ಯಾಲಿಪರಿನ ಕೆಳಭಾಗದಲ್ಲಿದೆ. ಗುಳ್ಳೆ ಮೇಲಕ್ಕೆ ತಾನೆ ಹೋಗೋದು? ದಿನಾ ನೀರಲ್ಲೇ ಬಿದ್ದಿರೋನಿಗೆ ಅಷ್ಟು ಗೊತ್ತಾಗುತ್ತೆ."

ಅವಳು ಬಗ್ಗಿ ನೋಡಿದಳು. ಎಡಗಡೆಯ ಕ್ಯಾಲಿಪರ್ ಬಲಕ್ಕೆ ಕೂತಿತ್ತು, ಬಲಗಡೆಯದು ಎಡಕ್ಕೆ, ಎರಡೂ ತಲೆಕೆಳಗಾಗಿ. ಡಬ್ಬಗಟ್ಟಲೆ ಆಯಿಲ್ ಸುರಿದರೂ ಗಾಳಿ ಮೇಲೆ ಹಾಯಾಗಿ ಕೂತಿರುತ್ತಿತ್ತು.

"ಯಾವಾಗ ನೋಡಿದೆ?"

"ಎರಡನೇ ಡಬ್ಬ ತೆರೆದು ಕೊಡೋಕೆ ಇಳಿದಾಗ."

"ಆಗಿಂದ ಸುಮ್ನೆ ಒತ್ತುತ್ತಾ ಕೂತಿದ್ಯಾ? ಬಾಯಿಗೇನಾಗಿತ್ತು ನಿಂಗೆ?"

"ಇದು ಸರಿಹೋದ್ರೆ ನೀನು ಹೋಗ್ತೀಯಲ್ಲ." ಅವನು ನೆಲ ನೋಡುತ್ತಾ ಹೇಳಿದ. "ಹಾಗಂತ ಕೆಟ್ಟ ಬ್ರೇಕಲ್ಲಿ ಕಳಿಸೋಕಾಗುತ್ತಾ? ಹೋಗ್ಬೇಡ ಅನ್ನಲ್ಲ. ಆ ಕೆಲಸಕ್ಕೆ ನೀನೆಷ್ಟು ಕಾದಿದ್ದೆ ಅಂತ ನಂಗೊತ್ತು. ಒಬ್ಬಳೇ ಹೋಗ್ಬೇಡ, ಅಷ್ಟೇ. ಈಜುಕೊಳ ಅಲ್ಲೂ ಇರುತ್ತೆ."

ಅವಳಿಗೆ ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಎಡಗಡೆಯ ಹಲ್ಲಿನ ಬದಲು ಬಲಗಡೆಯ ಹಲ್ಲನ್ನು ಅವಳು ಒಮ್ಮೆಯೂ ಕಿತ್ತವಳಲ್ಲ. ಇವತ್ತು ಮಾತ್ರ ಕೈ ಒಂದು ಕಡೆ, ಮನಸ್ಸು ಒಂದು ಕಡೆ.

"ಇದನ್ನ ಬೆಳಗ್ಗೆನೇ ಹೇಳಿದ್ರೆ ಕ್ಯಾಲಿಪರ್ ಸರಿಯಾಗೇ ಕೂರ್ತಿತ್ತು ಕಣೋ!"

ಆ ಮಾತು ಅವನ ತಲೆಗೆ ಇಳಿಯಲು ಒಂದು ಕ್ಷಣ ಹಿಡಿಯಿತು. ಇಳಿದ ಮೇಲೆ ಮುಖವೆಲ್ಲ ಅರಳಿತು. ಅವಳ ಕೆನ್ನೆಯ ಗ್ರೀಸ್ ಒರೆಸಲು ಹೋಗಿ ಕಿವಿಯವರೆಗೂ ಹರಡಿದ. ಅವಳು ಬೈಯಲಿಲ್ಲ.

ಕ್ಯಾಲಿಪರುಗಳನ್ನು ಅದಲು ಬದಲು ಮಾಡಿ, ಮೂರನೇ ಡಬ್ಬ ತೆರೆದರು. ಈ ಸಲ ಕೊಳವೆಯ ತುಂಬ ಗುಳ್ಳೆಗಳು ಸಾಲುಗಟ್ಟಿ ಹೊರಗೆ ಬಂದವು.

"ಹೇಗಿದೆ?"

"ಗಟ್ಟಿ!"

"ಸುಳ್ಳು. ಆ ಕಡೆ ಸರಿ." ಒಬ್ಬರಿಗೇ ಇಕ್ಕಟ್ಟಾದ ಆ ಸೀಟಿನಲ್ಲಿ ಅವಳೂ ತೂರಿಕೊಂಡು, ಅವನ ಪಾದದ ಪಕ್ಕ ತನ್ನ ಪಾದವಿಟ್ಟು ಒತ್ತಿದಳು. ಪೆಡಲ್ ಕಲ್ಲಿನ ಹಾಗೆ ನಿಂತಿತು. ಇಬ್ಬರೂ ಕಾಲು ತೆಗೆಯಲಿಲ್ಲ.

ಖಾಲಿ ಲೋಟಕ್ಕೆ ಬಂದ ಚಿಕ್ಕಮ್ಮ ಕಿಟಕಿಯಲ್ಲಿ ಇಣುಕಿದಳು.

"ಎರಡು ಸೀಟಿದ್ದೂ ಒಂದರಲ್ಲೇ ಕೂತಿದ್ದೀರಲ್ರೋ?"

"ಬ್ರೇಕ್ ನೋಡ್ತಿದ್ದೀವಿ ಚಿಕ್ಕಮ್ಮಾ," ಎಂದಳು ಹಲ್ಲಿನ ಡಾಕ್ಟರ್, ಕಿವಿಯವರೆಗೂ ಕಪ್ಪಾಗಿ.